ಸೋಮವಾರದ ಅನ್ನ

ಶೈಲಾಳ ಹೊಟ್ಟೆಗೂ ಶಿವನಿಗೂ ಯಾವುದೋ ಹಳೆಯ ವೈಮನಸ್ಸಿದೆ ಎಂದು ಪುಣೆಯ ಬಿಬವೇವಾಡಿಯ ಆ ಮನೆಯಲ್ಲಿ ತೀರ್ಮಾನವಾಗಿ ವರ್ಷಗಳೇ ಆಗಿದ್ದವು. ತೀರ್ಮಾನ ಕೊಟ್ಟವಳು ಅತ್ತೆ ಸಾವಂತ್ರವ್ವ. ಸಾಕ್ಷಿಯೂ ಅವಳ ಕೈಯಲ್ಲೇ ಇತ್ತು. ವಾರದ ಉಳಿದ ದಿನಗಳಲ್ಲಿ ಸೊಸೆಗೆ ಒಂದಿಷ್ಟು ಹೊಟ್ಟೆಯುಬ್ಬರ, ಒಂದಿಷ್ಟು ಸಂಕಟ, ಅಷ್ಟೆ. ಸೋಮವಾರ ಬಂತೆಂದರೆ ಮಾತ್ರ ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಬಿಗಿದುಕೊಂಡು, ಒಳಗೆ ಕೈ ಹಾಕಿ ಹಿಂಡಿದಂತಾಗಿ, ಅವಳು ಮಂಚದ ಮೇಲೆ ಮುದುಡಿ ಮಲಗಿಬಿಡುತ್ತಿದ್ದಳು. ಸೋಮವಾರ ಈಶ್ವರನ ವಾರ, ಅಂದು ಶೈಲಾಳಿಗೆ ಉಪವಾಸ. ಉಪವಾಸದ ದಿನವೇ ಹೊಟ್ಟೆ ಕೆಡುತ್ತದೆಂದರೆ ಅದು ಹೊಟ್ಟೆಯ ಮಾತಲ್ಲ, ಭಕ್ತಿಯ ಮಾತು ಎಂಬುದು ಸಾವಂತ್ರವ್ವನ ವಾದ.

ಮಾಡಿದ ಉಪವಾಸ ದೇವರಿಗೆ ಮುಟ್ಟಲಿಲ್ಲವೆಂದರೆ ಏನು ಮಾಡಬೇಕು? ಇನ್ನೊಂದು ಉಪವಾಸ ಮಾಡಬೇಕು. ಹೀಗೆ ಸೋಮವಾರದ ಬೆನ್ನಿಗೆ ಗುರುವಾರ ಸೇರಿತು. ಪಕ್ಕದ ಮನೆಯ ಮರಾಠಿ ಹೆಂಗಸರನ್ನು ನೋಡಿ ಸಂಕಷ್ಟಿ ಸೇರಿತು. ಪುಣೆಯಲ್ಲಿದ್ದ ಮೇಲೆ ಏಕಾದಶಿ ಬಿಡುವುದು ಚೆನ್ನಾಗಿರುವುದಿಲ್ಲವೆಂದು ಅದೂ ಸೇರಿತು. ವಿಜಾಪುರದ ಕಡೆಯಿಂದ ಬಂದ ಈ ಮನೆತನದಲ್ಲಿ ಏಕಾದಶಿಯ ಹೆಸರನ್ನು ಹಿಂದೆ ಯಾರೂ ಎತ್ತಿದವರಲ್ಲ. ಊರು ಬಿಟ್ಟು ಬಂದವರಿಗೆ ದೇವರುಗಳು ಹೆಚ್ಚಾಗುತ್ತಾರೆಂದು ಕಾಣುತ್ತದೆ. ಪ್ರತಿ ಉಪವಾಸಕ್ಕೂ ಶೈಲಾ ಮುದುಡಿ ಮಲಗಿದಳು. ಅವಳು ಮಲಗಿದಾಗಲೆಲ್ಲ ಸಾವಂತ್ರವ್ವನಿಗೆ ಬಿಟ್ಟುಹೋದ ಇನ್ನೊಂದು ದೇವರು ನೆನಪಾಯಿತು.

ಹಾಗೆಂದು ಈ ಮನೆಯಲ್ಲಿ ಉಪವಾಸವೆಂದರೆ ಯಾರೂ ಹಸಿದುಕೊಂಡಿರುತ್ತಿರಲಿಲ್ಲ. ಅನ್ನ, ಚಪಾತಿ, ಬೇಳೆ ಇಷ್ಟೇ ವರ್ಜ್ಯ. ಅದರ ಬದಲು ಬೆಳಿಗ್ಗೆ ಸಾಬೂದಾಣಿ ಖಿಚಡಿ, ಅದರಲ್ಲಿ ಸಾಬೂದಾಣಿಗಿಂತ ಶೇಂಗಾಪುಡಿಯೇ ಹೆಚ್ಚು. ಮಧ್ಯಾಹ್ನ ಶೇಂಗಾ ಅರೆದು ಮಾಡಿದ ಆಮಟಿ ಎಂಬ ಸಾರು. ಸಂಜೆ ಬಾಯಾಡಿಸಲು ಶೇಂಗಾ ಉಂಡಿ, ಎಳ್ಳುಂಡಿ, ರಾಜಗಿರಿ ಉಂಡಿ. ಮಾವ ಗೂಳಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ಮತ್ತು ಎಳ್ಳಿನ ಸಗಟು ವ್ಯಾಪಾರ. ಅಂಗಡಿಗೆ ಬಂದ ಮಾಲಿನಲ್ಲಿ ದಪ್ಪನೆಯ ಕಾಳು ಆರಿಸಿ ಮೊದಲು ಮನೆಗೆ ಕಳಿಸುವುದು ಅವನ ಪದ್ಧತಿ. ಅದನ್ನು ಸಾವಂತ್ರವ್ವ ತಾನೇ ಹುರಿದು, ಸಿಪ್ಪೆ ತೂರಿ, ಕುಟ್ಟಿ, ಸೊಸೆಯ ತಟ್ಟೆಗೆ ಎರಡು ಕೈಯಿಂದ ಸುರಿಯುತ್ತಿದ್ದಳು. "ತಿನ್ನವಾ, ಸೊರಗಿ ಹೋಗೀದಿ" ಎನ್ನುತ್ತಿದ್ದಳು. ಸಾವಂತ್ರವ್ವ ಕೆಟ್ಟವಳಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವಳಾಗಿದ್ದರೆ ಶೈಲಾ ಮದುವೆಯಾದ ವರ್ಷವೇ ತಟ್ಟೆ ಸರಿಸಿ ಎದ್ದಿರುತ್ತಿದ್ದಳು.

ಡಾಕ್ಟರರಿಗೆ ತೋರಿಸಲಿಲ್ಲವೆಂದಲ್ಲ. ಒಬ್ಬರು ಪಿತ್ತ ಎಂದರು, ಒಬ್ಬರು ಜಂತುಹುಳು ಎಂದರು. ಮೂರನೆಯವರು ಗಂಟಲಲ್ಲಿ ಕೊಳವೆ ಇಳಿಸಿ ಕ್ಯಾಮೆರಾದಿಂದ ನೋಡಿ, ಒಳಗೆ ಏನೂ ಇಲ್ಲ, ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ನಕ್ಕು ಕಳಿಸಿದರು. ಏನೂ ಇಲ್ಲ ಎಂದಾಗ ಗಂಡ ಅಮರನ ಮುಖ ಅರಳಿದ್ದನ್ನು ಶೈಲಾ ಮರೆಯಲಿಲ್ಲ. ಅವನಿಗೆ ಅದು ಸಿಹಿ ಸುದ್ದಿ, ಅವಳಿಗೆ ಬೈಗುಳ. ನೋವು ಹೊಟ್ಟೆಯಲ್ಲಿದೆ, ಎಲ್ಲರೂ ತಲೆಯತ್ತ ಬೆರಳು ತೋರಿಸುತ್ತಿದ್ದಾರೆ. ಮನೆಯವರ ಪ್ರಕಾರ ಭಕ್ತಿ ಕಡಿಮೆ, ಡಾಕ್ಟರರ ಪ್ರಕಾರ ಧೈರ್ಯ ಕಡಿಮೆ. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ನೂರು ಜನರೊಡನೆ ಮರಾಠಿಯಲ್ಲಿ ಜಗಳಾಡಿ ಗೆದ್ದು ಬರುವ ಹೆಂಗಸಿಗೆ ಈ ಮಾತು ಹೇಗೆ ಒಪ್ಪಿಗೆಯಾಗಬೇಕು?

ಸತ್ಯದ ಮೊದಲ ಸುಳಿವು ಸಿಕ್ಕಿದ್ದು ಕಾತ್ರಜದಲ್ಲಿ. ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳು. ಶೈಲಾ ಒಬ್ಬಳೇ ಜಮಖಂಡಿಯ ತವರಿಗೆ ಹೊರಟಿದ್ದಳು. ಅಂದು ಸೋಮವಾರ. ಬಸ್ಸು ಕಾತ್ರಜದ ಘಾಟಿನಲ್ಲಿ ಹೊಗೆ ಉಗುಳಿ ನಿಂತುಬಿಟ್ಟಿತು. ಕಂಡಕ್ಟರ್ ಈಗ ಸರಿಯಾಗುತ್ತದೆ, ಈಗ ಸರಿಯಾಗುತ್ತದೆ ಎನ್ನುತ್ತಲೇ ಮಧ್ಯಾಹ್ನ ಮಾಡಿದ. ಅತ್ತೆ ಕಟ್ಟಿಕೊಟ್ಟಿದ್ದ ಖಿಚಡಿಯ ಡಬ್ಬಿ ತೆರೆದರೆ ಬಿಸಿಲಿಗೆ ಹುಳಿ ಬಂದು ಮೂಗಿಗೆ ಹೊಡೆಯಿತು. ರಸ್ತೆಯ ಬದಿಯ ಊಟದ ಜೋಪಡಿಯಲ್ಲಿ ಉಪವಾಸದ್ದು ಏನಿದೆ ಎಂದು ಕೇಳಿದಳು. ಏನೂ ಇರಲಿಲ್ಲ. ಬಿಳಿ ಅನ್ನ ಇದೆ, ಮೊಸರು ಇದೆ, ಬೇಕಾದರೆ ಉಣ್ಣಿ, ಇಲ್ಲವಾದರೆ ನೆರಳಲ್ಲಿ ಕೂತುಕೊಳ್ಳಿ ಎಂದಳು ಜೋಪಡಿಯ ಹೆಂಗಸು. ಶೈಲಾ ದೇವರ ಕ್ಷಮೆ ಕೇಳಿ ಉಂಡಳು. ಹಸಿವು ಎಷ್ಟಿತ್ತೆಂದರೆ ಕ್ಷಮೆ ಕೇಳಿದ್ದು ಅರ್ಧ ಉಂಡ ಮೇಲೆ.

ಬಸ್ಸು ಹೊರಟ ಮೇಲೆ ಅವಳು ಶಿಕ್ಷೆಗೆ ಕಾದಳು. ಸಾದಾ ಉಪವಾಸಕ್ಕೇ ಅಷ್ಟು ನೋವು ಕೊಡುವ ದೇವರು ಮುರಿದ ಉಪವಾಸಕ್ಕೆ ಏನು ಕೊಡಬಹುದು? ಸಾತಾರಾ ದಾಟಿತು, ಕರಾಡ ಬಂತು, ಕಿಟಕಿಯಾಚೆ ಕತ್ತಲಾಯಿತು. ಏನೂ ಆಗಲಿಲ್ಲ. ಸೀರೆಯ ಸೆರಗಿನೊಳಗೆ ಕೈ ಹಾಕಿ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಮೆತ್ತಗಿತ್ತು. ಸೋಮವಾರ ಸಂಜೆ ತನ್ನ ಹೊಟ್ಟೆ ಮೆತ್ತಗಿದ್ದದ್ದು ಯಾವಾಗ ಎಂದು ಅವಳಿಗೆ ನೆನಪೇ ಆಗಲಿಲ್ಲ.

ತಿರುಗಿ ಬಂದ ಮೇಲೆ ಅವಳು ಬೇಕೆಂದೇ ಪಾಪ ಮಾಡತೊಡಗಿದಳು. ಬ್ಯಾಂಕಿನ ಎದುರು ಮೋಹನದಾಸರ ಹೋಟೆಲಿತ್ತು. ಕುಂದಾಪುರದ ಕಡೆಯವರು, ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು ಇಡೀ ರಸ್ತೆಯ ಸುದ್ದಿ ಇಟ್ಟುಕೊಂಡವರು.

"ಒಂದ ಪ್ಲೇಟ ಮೊಸರನ್ನ ಕೊಡ್ರಿ," ಎಂದಳು ಶೈಲಾ.

"ಮೊಸರನ್ನ ಉಂಟು. ಆದರೆ ಇವತ್ತು ಸೋಮವಾರ ಅಲ್ವಾ? ನಿಮ್ಮದು ಉಪವಾಸ ಅಂತ ಕೇಳಿದ್ದೆ."

"ಉಪವಾಸನ ಅದರಿ. ಅದಕ್ಕ ಮೊಸರನ್ನ ಕೇಳಾಕತ್ತೀನಿ."

"ಎಂತ ಉಪವಾಸ ಮಾರಾಯ್ರೆ ಇದು! ನಮ್ಮ ಊರಲ್ಲಿ ಗೊತ್ತಿದ್ದರೆ ನಾನೂ ಹಿಡಿಯುತ್ತಿದ್ದೆ." ಮೋಹನದಾಸರು ಮಾಣಿಯನ್ನು ಕೂಗಿ, ಒಳಗಿನ ಮೂಲೆಯ ಮೇಜಿಗೆ ಕೊಡು, ಅಲ್ಲಿ ರಸ್ತೆಗೆ ಮುಖ ಕಾಣುವುದಿಲ್ಲ ಎಂದರು. ವ್ಯಾಪಾರದವರಿಗೆ ಗಿರಾಕಿಯ ಸಂಕಟ ಬೇಗ ತಿಳಿಯುತ್ತದೆ.

ಪಾಪ ಮಾಡಿದ ಸೋಮವಾರ ಹೊಟ್ಟೆ ತಣ್ಣಗಿರುತ್ತಿತ್ತು. ಬ್ಯಾಂಕಿಗೆ ರಜೆ ಬಂದು ಮನೆಯಲ್ಲೇ ಪುಣ್ಯ ಮಾಡಿದ ಸೋಮವಾರ ಮತ್ತೆ ಅದೇ ಹಿಂಡುವಿಕೆ. ಮಳೆಗಾಲ ಮುಗಿಯುವಷ್ಟರಲ್ಲಿ ಶೈಲಾಳಿಗೆ ಒಂದು ಮಾತು ಖಾತ್ರಿಯಾಯಿತು: ಈಶ್ವರನಿಗೂ ತನಗೂ ಯಾವ ಜಗಳವೂ ಇಲ್ಲ. ಜಗಳ ಇರುವುದು ಉಪವಾಸದ ತಿಂಡಿಯಲ್ಲೆಲ್ಲ ತುಂಬಿದ್ದ ಶೇಂಗಾಕ್ಕೂ ತನಗೂ. ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ.

ತಿಳಿದದ್ದು ಕುತ್ತಿಗೆಯಿಂದ. ಆ ವರ್ಷ ಬಿಬವೇವಾಡಿಯಲ್ಲಿ ಮೋಟಾರ್ ಸೈಕಲ್ ಮೇಲೆ ಬಂದು ಹೆಂಗಸರ ಕೊರಳ ಸರ ಕಿತ್ತೊಯ್ಯುವವರ ಕಾಟ ಹೆಚ್ಚಾಗಿತ್ತು. ಸಾವಂತ್ರವ್ವ ಸೊಸೆಯ ಬಂಗಾರದ ತಾಳಿಸರವನ್ನು ಕಪಾಟಿಗೆ ಸೇರಿಸಿ, ಬ್ಯಾಂಕಿಗೆ ಹೋಗುವಾಗ ಹಾಕಿಕೊಳ್ಳಲು ಮಿರಿಮಿರಿ ಮಿಂಚುವ ನಕಲಿ ಸರವೊಂದನ್ನು ತಂದುಕೊಟ್ಟಳು. ಹದಿನೈದು ದಿನಕ್ಕೆ ಶೈಲಾಳ ಕುತ್ತಿಗೆಯ ಸುತ್ತ ಸರದಷ್ಟೇ ಅಗಲಕ್ಕೆ ಕೆಂಪು ಗುಳ್ಳೆ ಎದ್ದು ನೀರೊಡೆಯಿತು. ಚರ್ಮದ ಡಾಕ್ಟರ್ ರಂಜನಾಬಾಯಿಯ ಬಳಿ ಹೋದಳು. ಆಕೆ ಕುತ್ತಿಗೆ ನೋಡಿ, ಕಿವಿಯ ತೂತು ನೋಡಿ, ಗಡಿಯಾರ ಕಟ್ಟುವ ಮಣಿಕಟ್ಟು ನೋಡಿದರು. ಸಣ್ಣವಳಿದ್ದಾಗ ಜಾತ್ರೆಯ ಝುಮಕಿ ಹಾಕಿಕೊಂಡರೆ ಕಿವಿ ಕೀವಾಗುತ್ತಿತ್ತೇ ಎಂದು ಕೇಳಿದರು. ಆಗುತ್ತಿತ್ತು. ಬೆನ್ನ ಮೇಲೆ ಸಾಲಾಗಿ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ನೀರು ತಾಗಿಸಬೇಡ ಎಂದು ಕಳಿಸಿದರು. ಪಟ್ಟಿ ಬಿಚ್ಚಿದಾಗ ಉಳಿದೆಲ್ಲ ಜಾಗ ಹಾಗೇ ಇತ್ತು. ನಿಕಲ್ ಎಂಬ ಲೋಹ ಹಚ್ಚಿದ ಒಂದೇ ಜಾಗ ಕೆಂಪಗೆ ಉಬ್ಬಿತ್ತು.

ಕೈ ತೊಳೆಯುತ್ತ ರಂಜನಾಬಾಯಿ ಇದ್ದಕ್ಕಿದ್ದಂತೆ, ಹೊಟ್ಟೆ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದರು. ಶೈಲಾ ಕುರ್ಚಿಯಿಂದ ಎದ್ದವಳು ಮತ್ತೆ ಕೂತಳು. ಇಷ್ಟು ವರ್ಷಗಳಲ್ಲಿ ಅವಳ ಹೊಟ್ಟೆಯ ಬಗ್ಗೆ ಕೇಳಿದವರೆಲ್ಲ ಉತ್ತರವನ್ನು ತಾವೇ ತಂದಿದ್ದರು.

ಡಾಕ್ಟರ್ ಹೇಳಿದ್ದು ಇಷ್ಟು. ಈ ಲೋಹ ಮಣ್ಣಿನಲ್ಲಿದೆ, ಮಣ್ಣಿನಿಂದ ಬೆಳೆಗೆ ಬರುತ್ತದೆ. ಶೇಂಗಾ, ಎಳ್ಳು, ಗೋಡಂಬಿ, ಕಾಳುಕಡಿ, ತೌಡು ಸಮೇತದ ಧಾನ್ಯ, ಚಾಕೊಲೇಟು ಇವುಗಳಲ್ಲಿ ಹೆಚ್ಚು. ಬಹಳ ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಚರ್ಮಕ್ಕೆ ಆಗದ ಕೆಲವರಿಗೆ ಹೊಟ್ಟೆಗೂ ಆಗುವುದಿಲ್ಲ. ಇದನ್ನು ಎಲ್ಲ ಡಾಕ್ಟರರೂ ಒಪ್ಪುವುದಿಲ್ಲ, ನಾನೂ ಆಣೆ ಮಾಡಿ ಹೇಳಲಾರೆ. ಒಂದೂವರೆ ತಿಂಗಳು ಬಿಟ್ಟು ನೋಡು, ಮತ್ತೆ ತಿಂದು ನೋಡು, ನಿನಗೇ ತಿಳಿಯುತ್ತದೆ. ಬಿಳಿ ಅನ್ನ, ಹಾಲು, ಮೊಸರು, ಸೋರೆಕಾಯಿ ಇವುಗಳಿಂದ ಹೆಚ್ಚು ತ್ರಾಸ ಆಗಲಿಕ್ಕಿಲ್ಲ. ತಿಂದು ನೋಡಿದ್ದು ಆಗಿದೆ ಡಾಕ್ಟರ್ ಎಂದು ಶೈಲಾ ನಗತೊಡಗಿದಳು. ನಗು ಅಳುವಾಗಿ, ಮತ್ತೆ ನಗುವಾಯಿತು. ಅವಳ ಹೊಟ್ಟೆ ಸುಳ್ಳು ಹೇಳಿರಲಿಲ್ಲ. ಅವಳ ತಲೆ ನೆಟ್ಟಗಿತ್ತು, ಭಕ್ತಿಯೂ ಇದ್ದಲ್ಲೇ ಇತ್ತು.

ಅಂದು ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಗಂಡನಿಗೆ ಎಲ್ಲ ಹೇಳಿದಳು. ಅಮರ ತಂದೆಯ ಜೊತೆ ಅಂಗಡಿಯಲ್ಲೇ ಇರುವವನು. ಹೆಂಡತಿಯನ್ನು ಕಂಡರೆ ಪ್ರೀತಿ, ತಾಯಿಯನ್ನು ಕಂಡರೆ ಅಂಜಿಕೆ, ಎರಡೂ ಸಮಸಮ.

"ಅಪ್ಪನ ಮುಂದ ಇದನ್ನ ಅನಬ್ಯಾಡ ಮತ್ತ," ಎಂದ. "ಶೇಂಗಾದಾಗ ಕಬ್ಬಣ ಅದ ಅಂದ್ರ ಅಂಗಡಿ ಮುಚ್ಚು ಅಂದಂಗ ಆಗ್ತದ."

"ಕಬ್ಬಣ ಅಲ್ರೀ, ನಿಕಲ್. ನಿಮ್ಮ ಶೇಂಗಾಕ್ಕ ಏನೂ ಆಗಿಲ್ಲ. ನನಗ ಒಗ್ಗೂದಿಲ್ಲ, ಅಷ್ಟ."

"ಹಂಗಾದ್ರ ಒಂದ ಕೆಲಸ ಮಾಡು. ಹೊರಗ ಅನ್ನ ಉಣ್ಣು, ಮನ್ಯಾಗ ಉಪವಾಸ ಅನ್ನು. ಅವ್ವಗೂ ಸಮಾಧಾನ, ನಿನಗೂ ಆರಾಮ."

ಶೈಲಾ ದಣಿದಿದ್ದಳು, ಒಪ್ಪಿದಳು. ಸೋಮವಾರದ ಖಿಚಡಿ ಡಬ್ಬಿ ಬ್ಯಾಂಕಿಗೆ ಹೋಗಿ ಪಕ್ಕದ ಕೌಂಟರಿನ ಭಾಮಾಳ ಪಾಲಾಯಿತು. ಗುರುವಾರದ್ದೂ ಹಾಗೆಯೇ. ಉಳಿದ ದಿನ, ಡಾಕ್ಟರು ಮೆತ್ತನೆಯದು ಉಣ್ಣಲು ಹೇಳಿದ್ದಾರೆಂದು ಅನ್ನವನ್ನೇ ಬಡಿಸಿಕೊಂಡಳು, ಕಾಳಿನ ಉಸುಳಿ, ಶೇಂಗಾ ಚಟ್ನಿಗಳನ್ನು ತಟ್ಟೆಯ ಅಂಚಿಗೆ ಸರಿಸಿದಳು. ದೀಪಾವಳಿ ಕಳೆದು ಸಂಕ್ರಾಂತಿ ಬರುವಷ್ಟರಲ್ಲಿ ಭಾಮಾ ದಪ್ಪಗಾದಳು, ಶೈಲಾ ಚೇತರಿಸಿಕೊಂಡಳು. ಕೆನ್ನೆ ತುಂಬಿತು. ಸಂಜೆ ಮನೆಗೆ ಬಂದು ಮಲಗುತ್ತಿದ್ದವಳು ಕೂತು ಹಾಡು ಗುನುಗತೊಡಗಿದಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಡಬ್ಬಿ ಭಾಮಾಳ ಪಾಲಾಗತೊಡಗಿದ ದಿನಗಳಲ್ಲೇ ಸಾವಂತ್ರವ್ವ ಸೊಸೆಯ ಹೆಸರಿನಲ್ಲಿ ಹದಿನಾರು ಸೋಮವಾರದ ವ್ರತ ಹಿಡಿಸಿದ್ದಳು. ಸೊಸೆ ಚೇತರಿಸಿಕೊಂಡಳು ಎಂದರೆ ವ್ರತ ಫಲ ಕೊಟ್ಟಿತು ಎಂದಲ್ಲದೆ ಮತ್ತೇನು? ಸಾವಂತ್ರವ್ವ ಇದನ್ನು ಮೆಟ್ಟಿಲಲ್ಲಿ ಸಿಕ್ಕವರಿಗೆ ಹೇಳಿದಳು, ಕಾಯಿಪಲ್ಯದ ಗಾಡಿಯ ಬಳಿ ಹೇಳಿದಳು, ಕನ್ನಡ ಹೆಂಗಸರ ಭಜನೆಯಲ್ಲಿ ಎದ್ದು ನಿಂತು ಹೇಳಿದಳು. "ಕ್ಯಾಮೆರಾಕ್ಕ ಕಾಣದ ಜಡ್ಡ ನಮ್ಮ ಈಶ್ವರಗ ಕಾಣ್ತು ನೋಡ್ರಿ!" ಎಂದಳು. ಶೈಲಾಳಿಗೆ ಒಳಗೊಳಗೇ ಉರಿಯಿತು. ನೋವು ಇದ್ದಾಗ ತಪ್ಪು ಅವಳದಾಗಿತ್ತು. ನೋವು ಹೋದಾಗ ಹೆಸರು ಇನ್ನೊಬ್ಬರದಾಯಿತು. ಆದರೂ ಬಾಯಿ ಬಿಡಲಿಲ್ಲ. ಸುಳ್ಳಿಗೆ ಮೂಲೆಯ ಮೇಜು ಹಿತವಾಗಿ ರೂಢಿಯಾಗಿತ್ತು.

ವ್ರತ ಮುಗಿಯುವ ಉದ್ಯಾಪನೆಯನ್ನು ಸಾವಂತ್ರವ್ವ ದೊಡ್ಡದಾಗಿ ಮಾಡಲು ಹೊರಟಳು. ಹಿಂದಿನ ದಿನ, ಕೆಳಗಿನ ಮಹಡಿಯ ಗೌರಾಬಾಯಿ ಶೇಂಗಾ ಉಂಡಿ ಕಟ್ಟಲು ಬಂದಳು. ಜೊತೆಗೆ ಸೊಸೆ ಇಂದೂ. ಮದುವೆಯಾಗಿ ವರ್ಷ ತುಂಬದ ಹುಡುಗಿ, ಈಗ ಕೈ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಹೊಟ್ಟೆನೋವು, ಜೊತೆಗೆ ರಕ್ತವೂ ಹೋಗುತ್ತಿತ್ತು. ಮಂಗಳವಾರ ಆಸ್ಪತ್ರೆಯಲ್ಲಿ ಕ್ಯಾಮೆರಾ ಹಾಕಿ ನೋಡುವುದೆಂದು ನಿಗದಿಯಾಗಿತ್ತು.

"ಆ ತಾರೀಕ ಬಿಟ್ಟಬಿಟ್ವಿ," ಎಂದಳು ಗೌರಾಬಾಯಿ, ಉಂಡಿ ಕಟ್ಟುತ್ತಲೇ. "ನಿಮ್ಮ ಶೈಲಾನ ಹೊಟ್ಟಿಯೊಳಗ ಕ್ಯಾಮೆರಾಕ್ಕ ಏನ ಕಾಣ್ತು? ವ್ರತದಿಂದ ಆರಾಮ ಆತಲ್ಲ. ನಾಳೆ ಉದ್ಯಾಪನಿಯಾಗ ಶೈಲಾನ ಕೈಲೆ ಇಂದೂನ ಉಡಿ ತುಂಬಸ್ರಿ ಸಾವಂತ್ರಕ್ಕ, ಅಕಿ ವ್ರತ ಇಕಿಗೆ ದಾಟ್ಲಿ. ಹದಿನಾರ ಸೋಮವಾರ ಆಗ್ಲಿ, ಆಮ್ಯಾಲೆ ದವಾಖಾನಿ ನೋಡೋಣ."

ಹದಿನಾರು ಸೋಮವಾರವೆಂದರೆ ನಾಲ್ಕು ತಿಂಗಳು. ಶೈಲಾ ಇಂದೂಳ ಮುಖ ನೋಡಿದಳು. ಹುಡುಗಿ ನೆಲ ನೋಡುತ್ತಿದ್ದಳು. ತನ್ನ ಮೂಲೆಯ ಮೇಜಿನ ಮೊಸರನ್ನ ಈ ಹುಡುಗಿಯ ತಲೆಯ ಮೇಲೆ ಬಂದು ಬೀಳುತ್ತಿದೆ ಎಂಬುದು ಶೈಲಾಳಿಗೆ ಆ ಕ್ಷಣ ಸ್ಪಷ್ಟವಾಯಿತು, ನಾಚಿಕೆಯಾಯಿತು. ಅಮರನನ್ನು ಕೋಣೆಗೆ ಕರೆದು, ನಾಳೆ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದಳು.

"ಉದ್ಯಾಪನಿ ಒಂದ ಮುಗೀಲಿ ಶೈಲಾ. ಅವ್ವಗ ನಾಲ್ಕ ಮಂದಿ ಮುಂದ ಅವಮಾನ ಆಗ್ತದ. ಆಮ್ಯಾಲೆ ಸಾವಕಾಶ ಹೇಳೋಣ."

"ಸಾವಕಾಶ ಅಂತನ ಇಲ್ಲಿ ತನಕ ಬಂತು. ನೀವು ಬಾಜೂಕ ನಿಲ್ಲೂದಿದ್ರ ನಿಲ್ಲ್ರಿ. ಇಲ್ಲಾಂದ್ರ ಅಂಗಡಿಗೆ ಹೋಗ್ರಿ."

ಅಮರ ಮರುದಿನ ಅಂಗಡಿಗೆ ಹೋದ.

ಸೋಮವಾರ ನಾಲ್ಕು ಗಂಟೆಗೆ ಮನೆಯ ತುಂಬ ಹೆಂಗಸರು. ಹುರಿದ ಶೇಂಗಾದ ವಾಸನೆ ಮೆಟ್ಟಿಲವರೆಗೆ ಇಳಿದಿತ್ತು. ಸಾವಂತ್ರವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮದುವೆ ಮನೆಯ ಯಜಮಾನಿಯಂತೆ ಓಡಾಡುತ್ತಿದ್ದಳು. ಪೂಜೆಯಾದ ಮೇಲೆ ಸೊಸೆಯನ್ನು ಮಣೆಯ ಮೇಲೆ ಕೂರಿಸಿ ಮೊದಲ ಉಡಿಯನ್ನು ತಾನೇ ತುಂಬಿದಳು. ಬೊಗಸೆ ಬೊಗಸೆ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು. ಶೈಲಾಳ ಸೆರಗು ಭಾರವಾಯಿತು.

"ಈಗ ಹೇಳವಾ," ಎಂದಳು ಸಾವಂತ್ರವ್ವ. "ನಿನ್ನ ಬಾಯಿಲೇ ಹೇಳು. ಎಲ್ಲಾರೂ ಕೇಳ್ಲಿ. ಆಮ್ಯಾಲೆ ಇಂದೂನ ಉಡಿ ತುಂಬು."

ಶೈಲಾ ಎದ್ದು ನಿಂತಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದು ಬಂತು.

"ನಾ ಈ ಹದಿನಾರರೊಳಗ ಒಂದ ಸೋಮವಾರನೂ ಉಪವಾಸ ಮಾಡಿಲ್ರಿ. ಪ್ರತಿ ಸೋಮವಾರ ಬ್ಯಾಂಕಿನ ಎದುರಿನ ಹೋಟೆಲದಾಗ ಅನ್ನ ಉಂಡೀನಿ. ಅದಕ್ಕ ಆರಾಮ ಆಗೀನಿ."

ಯಾರೋ ಒಬ್ಬಳು ಅಯ್ಯ ಎಂದಳು. ಶೈಲಾ ನಿಲ್ಲಿಸಲಿಲ್ಲ. ಕುತ್ತಿಗೆಯ ಗುಳ್ಳೆ, ಬೆನ್ನ ಮೇಲಿನ ಪಟ್ಟಿ, ನಿಕಲ್, ಶೇಂಗಾ, ಎಲ್ಲ ಹೇಳಿದಳು. ಬಿಟ್ಟಾಗ ಹೇಗಾಯಿತು, ಮತ್ತೆ ತಿಂದಾಗ ಹೇಗಾಯಿತು, ಹೇಳಿದಳು. ಕೊನೆಗೆ ಇಂದೂಳ ಕಡೆ ತಿರುಗಿದಳು.

"ನಿನಗ ಏನಾಗೇದ ನನಗ ಗೊತ್ತಿಲ್ಲವಾ. ನನ್ನಂಥದ್ದ ಅಲ್ಲ ಅನಸ್ತದ. ನನಗ ರಕ್ತ ಹೋಗ್ತಿದ್ದಿಲ್ಲ. ನಾಳೆ ದವಾಖಾನಿಗೆ ಹೋಗು. ನನ್ನ ವ್ರತ ನಿನಗ ಕೊಡೂದಿಲ್ಲ, ಯಾಕಂದ್ರ ಅದು ನನ್ನ ಹತ್ರ ಇಲ್ಲ."

ಪಡಸಾಲೆಯಿಂದ ಗೂಳಪ್ಪ ಎದ್ದು ಬಾಗಿಲಿಗೆ ಬಂದ. ಹೆಂಗಸರ ಪೂಜೆಯೊಳಗೆ ಎಂದೂ ತಲೆ ಹಾಕದವನು. "ನಮ್ಮ ಅಂಗಡಿ ಶೇಂಗಾ ತಿಂದು ಇಲ್ಲೀತನಕ ಯಾರೂ ಸತ್ತಿಲ್ಲ," ಎಂದ.

"ಸತ್ತಿಲ್ರಿ ಮಾವಾರ. ಎಲ್ಲಾರೂ ತಿನ್ಲಿ, ಚಲೋ ಮಾಲ ಅದ. ನನ್ನ ಗಂಗಾಳಕ್ಕ ಬ್ಯಾಡ, ಅಷ್ಟ."

ಗೂಳಪ್ಪ ಇನ್ನೇನೋ ಹೇಳಲು ಹೋಗಿ, ಚಲೋ ಮಾಲು ಎಂದವಳೊಡನೆ ಹೇಗೆ ಜಗಳಾಡುವುದೆಂದು ತಿಳಿಯದೆ ಪಡಸಾಲೆಗೆ ತಿರುಗಿ ಹೋದ.

ಸಾವಂತ್ರವ್ವ ಮಣೆಯ ಬಳಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಸುಳ್ಳ ಹೇಳಿದ್ಯಾ," ಎಂದಳು. "ಈಶ್ವರಗ ಸುಳ್ಳ ಹೇಳಿದಿ."

"ಈಶ್ವರಗ ಹೇಳಿಲ್ರಿ. ಅಂವ ನಾ ಉಣ್ಣೂದನ್ನ ನೋಡ್ಯಾನ. ನಿಮಗ ಹೇಳೀನಿ. ಅದು ನನ್ನ ತಪ್ಪ. ಇವತ್ತಿನಿಂದ ಮುಚ್ಚಿ ಉಣ್ಣೂದಿಲ್ಲ."

ಹಾಗೆಂದವಳೇ ಉಡಿ ತುಂಬಿದ ಸೆರಗನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಖಣ, ಕೊಬ್ಬರಿ, ಅರಿಷಿಣ ಬೇರನ್ನು ಕಟ್ಟೆಯ ಮೇಲೆ ಇಟ್ಟಳು. ಅಕ್ಕಿಯನ್ನು ಪಾತ್ರೆಗೆ ಸುರಿದು, ಅರಿಷಿಣದ ಹಳದಿ ಹೋಗುವವರೆಗೆ ತೊಳೆದು, ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿದಳು. ಉಡಿಯ ಅಕ್ಕಿಯನ್ನು ಅನ್ನ ಮಾಡಿ ಉಣ್ಣಬೇಕೆಂಬುದು ಶಾಸ್ತ್ರವೇ. ಸೋಮವಾರ ಉಣ್ಣಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಹಿಂದೆಯೇ ಬಂದ ಸಾವಂತ್ರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಸೋಮವಾರ ಈ ಒಲಿ ಮ್ಯಾಲೆ ಅನ್ನ? ಉಡಿ ಅಕ್ಕೀದು? ದೇವರ ಸಿಟ್ಟ ಆದ್ರ ಏನ ಮಾಡ್ತಿ?"

"ಆದ್ರ ನನ್ನ ಹೊಟ್ಟಿ ಮ್ಯಾಲೆ ಆಗ್ಲಿ. ಅದಕ್ಕ ರೂಢಿ ಅದ."

ಅನ್ನ ಕುದಿಯುವ ವಾಸನೆ ಶೇಂಗಾದ ವಾಸನೆಯ ನಡುವೆ ದಾರಿ ಮಾಡಿಕೊಂಡು ಹೊರಗಿನ ಕೋಣೆಗೆ ಹೋಯಿತು. ಹೆಂಗಸರು ಫಳಾರದ ತಟ್ಟೆ ಹಿಡಿದು, ತಿನ್ನುವುದೋ ಬಿಡುವುದೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಗೌರಾಬಾಯಿ ಸಿಟ್ಟಿನಿಂದ ಚಪ್ಪಲಿ ಹುಡುಕಿದಳು. ಮೆಟ್ಟಿಲಲ್ಲಿ ಇಂದೂಳ ಧ್ವನಿ ಕೇಳಿಸಿತು. "ಅತ್ಯಾರ, ನಾಳೆ ದವಾಖಾನಿಗೆ ಹೋಗೋಣ್ರಿ." ಗೌರಾಬಾಯಿ ಇಳಿಯುತ್ತಲೇ ಇದ್ದಳು. ಹುಡುಗಿ ಅದೇ ಮಾತನ್ನು ಇನ್ನೊಮ್ಮೆ, ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದಳು. ಶೈಲಾ ಸೌಟಿನಿಂದ ಅನ್ನವನ್ನು ಒಮ್ಮೆ ತಿರುವಿದಳು.

ಅನ್ನವಾಯಿತು. ಅವಳು ತಟ್ಟೆಗೆ ಬಡಿಸಿಕೊಂಡು ಒಳಗೆ ಕೂರಲಿಲ್ಲ. ಹೊರಗಿನ ಕೋಣೆಗೆ ತಂದು, ಪೂಜೆಯ ಎದುರಿಗೇ, ಉಳಿದಿದ್ದ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಮೊಸರು ಕಲಸಿ ಉಂಡಳು. ಮತ್ತೊಮ್ಮೆ ಹೋಗಿ ಬಡಿಸಿಕೊಂಡು ಬಂದು ಉಂಡಳು. ಮನೆಯ ಅನ್ನಕ್ಕೂ ಹೋಟೆಲಿನ ಅನ್ನಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಅವಳಿಗೆ ಆಶ್ಚರ್ಯವಾಯಿತು. ಒಬ್ಬೊಬ್ಬರಾಗಿ ಹೆಂಗಸರು ಎದ್ದು ಹೋದರು.

ಸಾವಂತ್ರವ್ವ ಹೋಗಲಿಲ್ಲ. ಸೊಸೆಯ ಎದುರಿಗೆ ಗೋಡೆಗೆ ಒರಗಿ ಕೂತಳು. ಯಾತಕ್ಕೆ ಕೂತಿದ್ದಾಳೆಂದು ಶೈಲಾಳಿಗೆ ತಿಳಿಯಿತು: ನೋವು ಬರಲೆಂದು. ಕೇಡು ಬಯಸಿಯಲ್ಲ. ಇಷ್ಟು ವರ್ಷ ತಾನು ನಂಬಿದ್ದು ನಿಜವೋ ಅಲ್ಲವೋ ಎಂದು ಕಣ್ಣಾರೆ ನೋಡುವುದಕ್ಕೆ. ನೋಡಲಿ ಎಂದುಕೊಂಡು ಶೈಲಾ ಅಲ್ಲಿಂದ ಕದಲಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಹೋಯಿತು. ಗೂಳಪ್ಪ ಎದ್ದು ತಾನೇ ದೇವರ ದೀಪ ಹಚ್ಚಿದ. ಮುದುಡಿ ಮಲಗುವ ಹೊತ್ತು ಬಂತು, ದಾಟಿತು. ಶೈಲಾ ನೆಟ್ಟಗೆ ಕೂತೇ ಇದ್ದಳು.

"ಏನೂ ಆಗ್ಲಿಲ್ಲೇನ?" ಎಂದು ಕೇಳಿದಳು ಸಾವಂತ್ರವ್ವ.

"ಇಲ್ರಿ."

ಸಾವಂತ್ರವ್ವ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡಳು. ಬೆಳಗಿನಿಂದ ಉಂಡಿ ಕಟ್ಟಿ ಕಟ್ಟಿ ಅವು ಎಣ್ಣೆಯಾಗಿದ್ದವು. "ಹಂಗಾದ್ರ ಇಷ್ಟ ವರ್ಷ ನಾನ ನಿನ್ನ..." ಎಂದಳು. ಅಳತೊಡಗಿದಳು.

ಹಾಗೇನಿಲ್ಲ ಅತ್ಯಾರ, ನಿಮಗೇನು ಗೊತ್ತಿತ್ತು, ಬಿಡ್ರಿ ಎನ್ನಬೇಕಿತ್ತು. ಮನೆಯಲ್ಲಿ ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಆಗಷ್ಟೇ ಬಾಗಿಲಿಗೆ ಬಂದು ನಿಂತಿದ್ದ ಅಮರ ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಶೈಲಾಳ ನಾಲಿಗೆಯ ತುದಿಗೂ ಬಂದಿತ್ತು. ಅವಳು ನುಂಗಿಕೊಂಡಳು.

"ಹೌದ್ರಿ ಅತ್ಯಾರ, ನೀವ," ಎಂದಳು. "ಪ್ರೀತಿಲೇ ಮಾಡೀರಿ. ಅದಕ್ಕ ನನಗ ಬ್ಯಾಡ ಅನ್ನಾಕ ಇಷ್ಟ ವರ್ಷ ಹಿಡೀತು."